ಏಳನೇ ಕಾಲಂ

ನೋಟೀಸು ಟೈಪು ಮಾಡಿದ್ದು ನಾನೇ.
ಶಿವಮೊಗ್ಗದ ಆರೋಗ್ಯ ಇಲಾಖೆಯ ಕಚೇರಿಯಲ್ಲಿ
ಫ್ಯಾನಿನ ಗಾಳಿ ತಲುಪದ ಮೂಲೆಯ ಮೇಜಿನ ಮೇಲೆ:
‘ಗುತ್ಯಮ್ಮ ಕೋಂ ಲೇಟ್ ಬರ್ಮಪ್ಪ, ಸಾಗರ ತಾಲ್ಲೂಕು,
ಸದರಿಯವರು ನೋಂದಣಿ ಇಲ್ಲದೆ ಮೂಳೆ ಕಟ್ಟುತ್ತಿರುವುದು
ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ.’
ಮೂಳೆ ಎಂಬಲ್ಲಿ ದೀರ್ಘ ತಪ್ಪಿತ್ತು.
ಸಾಹೇಬರು ಕೆಂಪು ಶಾಯಿಯಲ್ಲಿ ಕೂಡಿಸಿದರು.

ಜೀಪಿನಲ್ಲಿ ನಾವು ಮೂವರು, ಒಂದು ಅರಗಿನ ಕಡ್ಡಿ,
ಬೆರಳಚ್ಚು ಹಿಡಿಯುವ ಒಂದು ಪುಟ್ಟ ಯಂತ್ರ.
ಡ್ರೈವರ್ ಪೀರ್‌ಸಾಬ್‌ಗೆ ಕತ್ತು ಹಿಡಿದು ಎಂಟು ದಿನ;
ತಿರುವಿನಲ್ಲೆಲ್ಲ ಮೈಪೂರ್ತಿ ತಿರುಗಿಸಿ ಎಡಕ್ಕೆ ನೋಡುತ್ತಿದ್ದ.
ತ್ಯಾಗರ್ತಿ ದಾಟಿದ ಮೇಲೆ ದಾರಿ ಕೇಳಲಿಲ್ಲ.
ದಾರಿ ಅವನಿಗೆ ಗೊತ್ತಿತ್ತು.

ಅವಳು ಜಗಲಿಯಲ್ಲಿ ಕೂತು
ಆಡಿನ ಮರಿಯ ಕಾಲಿಗೆ ದಬ್ಬೆ ಕಟ್ಟುತ್ತಿದ್ದಳು.
ಬಿದಿರು, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು,
ಹಳೇ ಪಂಚೆಯಿಂದ ಹರಿದ ಅಂಚು.
ಸಾಹೇಬರು ಕಾಯ್ದೆಯ ಪುಸ್ತಕ ತಿರುವಿದರು.
ಆಡು ನಮಗೆ ಬರುವುದಿಲ್ಲ, ಅದು ಪಶು ಇಲಾಖೆ.
ಗಂಟು ಬೀಳುವ ತನಕ ನಿಂತೆವು.

ಆಮೇಲೆ ನಮೂನೆ.
ವಯಸ್ಸು: ಲಿಂಗನಮಕ್ಕಿ ನೀರು ಏರಿದ ವರ್ಷ
ಅಪ್ಪನ ಹೆಗಲ ಮೇಲಿದ್ದೆ, ನೀವೇ ಲೆಕ್ಕ ಹಾಕಿ.
ವಿದ್ಯಾರ್ಹತೆ: ನಮ್ಮತ್ತೆ.
ಏಳನೇ ಕಾಲಂ, ಚಿಕಿತ್ಸಾ ಪದ್ಧತಿ.
ಅಲೋಪಥಿ, ಆಯುರ್ವೇದ, ಯುನಾನಿ,
ಹೋಮಿಯೋಪಥಿ, ಸಿದ್ಧ, ಪ್ರಕೃತಿ.
ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು.
‘ಇತರೆ’ ಅಂತ ಮೊದಲು ಒಂದಿತ್ತು,
ತಿದ್ದುಪಡಿಯಲ್ಲಿ ಹೋಯಿತು.
ಸಾಹೇಬರು ಎಲ್ಲೋ ಓದಿದ್ದರು, ಹೇಳಿದರು:
ಅಮೆರಿಕದಲ್ಲಿ ಕೈಯಿಂದಲೇ ಮೂಳೆ ನೋಡುವ ಡಾಕ್ಟರರಿದ್ದಾರಂತೆ,
ಅವರಿಗೂ ರಾಜ್ಯಕ್ಕೊಂದು ಕಾಯ್ದೆಯಂತೆ.
‘ಹೌದಾ, ಅವ್ರಿಗೂ ಅತ್ತೇರೇ ಕಲ್ಸಿದ್ದಾ?’ ಅಂದಳು.
ನಾನು ನಗಲಿಲ್ಲ. ಪೆನ್ನು ನಿಂತಿತ್ತು.

ದೂರು ಯಾರದು ಎಂದು ಅವಳು ಕೇಳಲೇ ಇಲ್ಲ.
ಲೋಹಿತ, ಹದಿಮೂರು ವರ್ಷ, ಸೈಕಲ್ಲಿಂದ ಬಿದ್ದವನು.
ಕಟ್ಟು ಬಿಗಿಯಾಯಿತು. ಮೂರನೇ ದಿನ ಕಾಲ್ಬೆರಳು ಕಪ್ಪು.
ಮೆಗ್ಗಾನ್ ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ತೆಗೆದರು.
ಅದನ್ನೂ ನಾನೇ ಟೈಪು ಮಾಡಿದ್ದೆ,
ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.
‘ಬರ್ಕೊ ಮಗ.
ಬೆರಳು ಹೇಳ್ತಿತ್ತು ನಂಗೆ, ಎಲ್ಲಿ ಸಾಕು ಅಂತ.
ಅವತ್ತು ಹೇಳ್ಲಿಲ್ಲ. ಅಥ್ವಾ ನಾ ಕೇಳ್ಲಿಲ್ಲ.
ಅವ್ನ ಹೆಸ್ರು ಸರಿಯಾಗಿ ಬರಿ. ನಂದು ಹ್ಯಾಗಾದ್ರೂ ಇರ್ಲಿ.’

ಸಹಿ ಬಾರದವಳಿಗೆ ಯಂತ್ರ ಹಿಡಿದೆ.
ಹೆಬ್ಬೆರಳು ಇಟ್ಟಳು. ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟಳು. ಕೆಂಪು.
ಬಲಗೈ, ಎಡಗೈ, ಹತ್ತೂ ಬೆರಳು.
ಹಿಡಿದು ಬೆಳಕಿಗೆ ತಿರುಗಿಸಿ ನೋಡಿದೆ:
ಗೆರೆಗಳೇ ಇಲ್ಲ. ಹೊಳೆಯ ಕಲ್ಲಿನ ಹಾಗೆ ನುಣ್ಣಗೆ.
ಎಷ್ಟು ಎಣ್ಣೆ ತಿಂದಿತ್ತೋ, ಎಷ್ಟು ಹೆಗಲು, ಎಷ್ಟು ಮಣಿಕಟ್ಟು.
‘ರೇಷನ್ ಅಂಗ್ಡೀಲೂ ಇದೇ ರಾಗ,’ ಅಂದಳು.
‘ಬೆರಳಚ್ಚು ಲಭ್ಯವಿಲ್ಲ’ ಎಂದು ಷರಾ ಬರೆದೆ.

ಇನ್ನು ಮೊಹರು.
ಜಗಲಿಗೆ ಬಾಗಿಲಿಲ್ಲ, ಚಿಲಕವಿಲ್ಲ,
ಮೂರು ಕಡೆಯೂ ಬಯಲು.
ಸಾಹೇಬರು ಒಂದು ಸುತ್ತು ಹಾಕಿ ಬಂದು
ದಬ್ಬೆ ತುಂಬಿದ ತಗಡಿನ ಟ್ರಂಕು ತೋರಿಸಿದರು.
ದಾರ ಸುತ್ತಿದೆ, ಅರಗು ಕಾಯಿಸಿದೆ,
ಮುದ್ರೆ ಒತ್ತುವಾಗ ಬೆರಳು ಜಾರಿ ಬಿಸಿಗೆ ತಗುಲಿತು.
ಇಲಾಖೆಯ ಮುದ್ರೆಯ ಪಕ್ಕ
ನನ್ನ ಹೆಬ್ಬೆರಳು ಗೆರೆ ಗೆರೆಯಾಗಿ ಮೂಡಿತ್ತು,
ಮುದ್ರೆಗಿಂತ ಸ್ಪಷ್ಟ.
ಅವಳು ಎದ್ದು ಒಳಗಿಂದ ತಣ್ಣೀರು ತಂದಳು.

ಹೊರಡುವಾಗ ಪೀರ್‌ಸಾಬ್‌ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದು
ಸಾಹೇಬರ ಕೈಯ ಪುಸ್ತಕ ನೋಡಿ ಸುಮ್ಮನಾದಳು.
ತನ್ನ ಕತ್ತನ್ನೇ ಒಂದು ಸಲ ಮೆಲ್ಲಗೆ ಬಲಕ್ಕೆ ವಾಲಿಸಿದಳು,
ಹಾಗೇ ತಡೆದು, ಎಡಕ್ಕೆ.

ಆನಂದಪುರದ ಗೇಟಿನಲ್ಲಿ ರೈಲಿಗೆ ಕಾಯುವಾಗ
ಸಾಹೇಬರಿಗೆ ಜೊಂಪು.
ಕನ್ನಡಿಯಲ್ಲಿ ಕಂಡೆ: ಪೀರ್‌ಸಾಬ್
ಯಾರೂ ನೋಡುತ್ತಿಲ್ಲ ಅಂದುಕೊಂಡು
ಮೆಲ್ಲಗೆ ಬಲಕ್ಕೆ.
ಹಾಗೇ ತಡೆದು.